ನಾಲ್ಕನೆಯ ಮಾಡೆಲ್

ಅವನಿಗೆ ತನ್ನ ಮದುವೆಯ ದಿನ ನೆನಪಿರುತ್ತಿರಲಿಲ್ಲ. ಹೆಂಡತಿ ಪ್ರತಿವರ್ಷ ಎರಡು ದಿನ ಮುಂಚೆಯೇ ಸುಳಿವು ಕೊಡಬೇಕಾಗಿತ್ತು. ಆದರೆ ಚಿಗರೆಯ ಎರಡನೆಯ ಮಾಡೆಲ್‌ನ ಸನ್‌ರೂಫಿಗೆ ಎಷ್ಟು ಅಗಲದ ರಬ್ಬರ್ ಪಟ್ಟಿ ಹಾಕಿದ್ದರು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಸರಿಯಾಗಿ ಹೇಳುತ್ತಿದ್ದ. ಗ್ಯಾರೇಜಿನವರು ಅವನಿಗೆ ಜಾತಕ ಎಂದು ಹೆಸರಿಟ್ಟಿದ್ದರು. ಒಂದು ಚಿಗರೆ ಗೇಟಿನೊಳಗೆ ಬಂದರೆ ಸಾಕು, ಬಾನೆಟ್ ಎತ್ತುವ ಮೊದಲೇ ಅದರ ಹುಟ್ಟು, ಗುಣ, ಚಟ, ಮುಂದೆ ಬರಬಹುದಾದ ಕಾಯಿಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಿದ್ದ. ಕಾರಿನವರು ಕೇಳಿದ್ದರೋ ಇಲ್ಲವೋ ಅದು ಬೇರೆ ಮಾತು.

ಚಿಗರೆ ಎಂದರೆ ಕಾರು. ಕಂಪನಿಯವರು ಇಟ್ಟ ಹೆಸರಿಗೆ ನಾಲಿಗೆ ಹೊರಳುತ್ತಿರಲಿಲ್ಲ, ಆಕ್ಸಿಲರೇಟರ್ ಮುಟ್ಟಿದರೆ ಚಂಗನೆ ನೆಗೆಯುತ್ತಿತ್ತೆಂದು ಗ್ಯಾರೇಜುಗಳಲ್ಲಿ ಈ ಹೆಸರು ಬಿತ್ತು. ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಐದು ಜನ ಆರಾಮಾಗಿ ಕೂರಬಹುದು, ಆದರೆ ನೋಡಿದರೆ ರೇಸಿಗೆ ಹೊರಟ ಹಾಗಿರುತ್ತದೆ. ಎಂಟು ವರ್ಷ, ವರ್ಷಕ್ಕೊಂದು ಮಾಡೆಲ್‌ನಂತೆ ಬಂತು, ಆಮೇಲೆ ನಿಂತುಹೋಯಿತು. ಜಾತಕ ಹೇಳುವ ಪ್ರಕಾರ ಒಂದನೆಯದು ಪ್ರಾಮಾಣಿಕ ಕಾರು: ಎರಡು ಲೀಟರ್ ಎಂಜಿನ್, ಐದು ಗೇರು, ತೋಳು ನೋಯಿಸುವ ಸ್ಟೀರಿಂಗು. ಎರಡನೆಯದಕ್ಕೆ ಸೀಟಿನ ಮೇಲೆ ಕೆಂಪು ದಾರದ ಹೊಲಿಗೆ ಬಂತು, ಸನ್‌ರೂಫ್ ಬಂತು, ಸನ್‌ರೂಫಿನಿಂದ ಹಿಂದೆ ಕೂತವರ ಕುತ್ತಿಗೆಗೆ ನೀರೂ ಬಂತು. ಮೂರನೆಯದಕ್ಕೆ ಟರ್ಬೊ, ಹುಡುಗರೆಲ್ಲ ಹುಚ್ಚಾದದ್ದು ಅದಕ್ಕೇ. ನಾಲ್ಕನೆಯದಕ್ಕೆ ಆರು ಗೇರು, ದೊಡ್ಡ ಡಿಸ್ಕ್ ಬ್ರೇಕು, ‘ಸ್ಪೋರ್ಟ್’ ಎಂಬ ಗುಂಡಿ. ಐದಕ್ಕೆ ಮುಂದಿನ ದೀಪದ ಕಣ್ಣು ಕಿರಿದು ಮಾಡಿದರು. ಆರಕ್ಕೆ ಸ್ಟೀರಿಂಗಿನ ಹಿಂದೆಯೇ, ಬೆರಳಲ್ಲೇ ಗೇರು ಬದಲಿಸುವ ಕಿವಿ. ಏಳನೆಯದಕ್ಕೆ ಮೈ ಬಂದು, ದೊಡ್ಡ ಪರದೆ ಬಂದು, ಓಟ ಹೋಯಿತು. ಎಂಟನೆಯದರ ಬಗ್ಗೆ ಅವನು ಮಾತಾಡುತ್ತಲೇ ಇರಲಿಲ್ಲ. ಅದಕ್ಕೆ ಕ್ಲಚ್ಚೇ ಇರಲಿಲ್ಲವಲ್ಲ.

ಇವೆಲ್ಲವನ್ನೂ ಅವನು ನಾಲ್ಕು ಪುಟಗಳಲ್ಲಿ ಬರೆದಿಟ್ಟಿದ್ದ. ಹಳೇ ಕಾರು ಮಾರುವ ಅಂಗಡಿಯವನೊಬ್ಬ ಕೇಳಿದನೆಂದು ಬರೆದದ್ದು, ಜೆರಾಕ್ಸ್ ಆಗಿ, ಫೋನಿನಿಂದ ಫೋನಿಗೆ ಹಾರಿ, ಎಲ್ಲೆಲ್ಲಿಗೋ ಹೋಯಿತು. ಪರಿಚಯವಿಲ್ಲದವರು ಅದನ್ನು ಹಿಡಿದುಕೊಂಡು ಗ್ಯಾರೇಜಿಗೆ ಬರುವಾಗ ಅವನು ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದ. ಮೂರನೆಯ ಮಾಡೆಲ್‌ನ ಬ್ರೇಕಿನ ವಿಷಯವನ್ನು ಅದರಲ್ಲಿ ಅರ್ಧ ಪುಟ ಬರೆದಿದ್ದ. ಬ್ರೇಕಿಗೆ ಎಂಜಿನ್ನಿನಿಂದ ಒಂದು ಗಾಳಿ ಪೈಪು ಹೋಗುತ್ತದೆ, ನಾವು ಒತ್ತುವ ಬಲಕ್ಕೆ ಬಲ ಕೂಡಿಸುವುದು ಅದೇ. ಮೂರನೆಯದರಲ್ಲಿ ಹಾಕಿದ್ದ ಬಿಳಿ ಗೆರೆಯ ಪೈಪು ಎಣ್ಣೆಯ ಆವಿಗೆ ಒಳಗೊಳಗೇ ಮೆತ್ತಗಾಗುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿ ಇಳಿಯುವಾಗ ಎಂಜಿನ್ನು ಜೋರಾಗಿ ಗಾಳಿ ಎಳೆಯುತ್ತದೆ, ಪೈಪು ಒಳಗೇ ಅಂಟಿಕೊಂಡು ಮುಚ್ಚಿಹೋಗುತ್ತದೆ, ಎರಡು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲು. ಕಂಪನಿಯವರು ಮೂರನೆಯದನ್ನೆಲ್ಲ ವಾಪಸ್ ಕರೆಸಿ ಹಳದಿ ಗೆರೆಯ ಪೈಪು ಹಾಕಿಕೊಟ್ಟರು. ಅದರ ಕೆಳಗೆ ಜಾತಕ ದಪ್ಪ ಅಕ್ಷರದಲ್ಲಿ ಬರೆದಿದ್ದ: ‘ನಾಲ್ಕರಿಂದ ಮುಂದೆ ಈ ಚಿಂತೆ ಇಲ್ಲ. ಕಣ್ಣುಮುಚ್ಚಿ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಿರಿ.’

ಆ ಮಾತಿಗೆ ಕಣ್ಣುಮುಚ್ಚಿ ಒಪ್ಪಿದವರಲ್ಲಿ ಮೊದಲನೆಯವಳು ಅವನ ತಂಗಿ. ಅವನಿಗಿಂತ ಆರು ವರ್ಷ ಚಿಕ್ಕವಳು, ಅವನು ಕರೆಯುವುದು ಗುಬ್ಬಿ ಎಂದು. ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಳು, ಗಂಡ ಹಡಗಿನ ಕೆಲಸದಲ್ಲಿ ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲಿರುತ್ತಿದ್ದ, ಒಂಬತ್ತು ವರ್ಷದ ಮಗಳು. ಅವಳಿಗೆ ಬೇಕಾಗಿದ್ದುದು ಒಂದು ಸಾಧು ಸಣ್ಣ ಕಾರು. ‘ಹೋಗ್ಬೇಕು, ಬರ್ಬೇಕು, ಅಷ್ಟೇ ಅಣ್ಣ’ ಎಂದಿದ್ದಳು. ಇವನು ಬಿಡಬೇಕಲ್ಲ. ಮೂರು ತಿಂಗಳು ಹುಡುಕಿ, ಇಟ್ಟಿಗೆ ಕೆಂಪಿನ ನಾಲ್ಕನೆಯ ಮಾಡೆಲ್ ಚಿಗರೆ ತಂದು ಅವಳ ಅಂಗಡಿಯ ಮುಂದೆ ನಿಲ್ಲಿಸಿದ. ಅದರ ಚಾಸಿಸ್ ನಂಬರು ನೂರ ನಲವತ್ತೇಳಕ್ಕೆ ಮುಗಿಯುತ್ತಿತ್ತು. ‘ನಾಲ್ಕನೇದರಲ್ಲಿ ನೂರ ನಲವತ್ತೇಳನೇ ಮಗು ಕಣೇ ಇದು, ಇಂಥದು ಸಿಗೋದೇ ಇಲ್ಲ’ ಎಂದು ಹಿಗ್ಗಿದ್ದ. ಅವಳಿಗೆ ಮಗುವಿನ ಲೆಕ್ಕ ಅರ್ಥವಾಗಲಿಲ್ಲ. ಅಣ್ಣ ಹೇಳಿದ ಮೇಲೆ ಮುಗೀತು ಎಂದು ಕೀಲಿ ತೆಗೆದುಕೊಂಡಳು.

ಆ ಬುಧವಾರ ಮಧ್ಯಾಹ್ನ, ಊಟ ಮುಗಿಸಿ ಅವನು ಕೈ ಒರೆಸಿಕೊಳ್ಳುತ್ತಿದ್ದಾಗ, ಟೋಯಿಂಗ್ ಗಾಡಿಯೊಂದು ಮೂತಿ ಜಜ್ಜಿಹೋದ ಬೂದು ಬಣ್ಣದ ಚಿಗರೆಯನ್ನು ತಂದು ಇಳಿಸಿತು. ಹಿಂದೆಯೇ ಆಟೋದಲ್ಲಿ ಕನ್ನಡಕದ ಅಂಗಡಿಯವರು ಬಂದರು. ಕನ್ನಡಕ ಮಾರುವವರ ಕನ್ನಡಕವೇ ಒಡೆದಿತ್ತು. ಕೈಯಲ್ಲಿ ಆ ನಾಲ್ಕು ಪುಟ.

“ಬ್ರೇಕ್ ಹಿಡೀಲಿಲ್ಲ” ಎಂದರು.

“ಹಿಡೀಲಿಲ್ಲ ಅಂದ್ರೆ ಹೇಗೆ ಸರ್? ಪೆಡಲ್ ಒಳಗೆ ಹೋಯ್ತಾ, ಗಟ್ಟಿ ಆಯ್ತಾ?”

“ಗಟ್ಟಿ. ಗೋಡೆ ಒದ್ದ ಹಾಗೆ. ಅಂಗಡಿ ಕಟ್ಟಡದ ಏಳನೇ ಮಹಡೀಲಿ ಪಾರ್ಕ್ ಮಾಡಿದ್ದೆ. ನಿಮ್ಮ ಕಾಗದದಲ್ಲಿ ಬರೆದಿದೆಯಲ್ಲ, ಮೊದಲನೇ ಗೇರಲ್ಲೇ ಸುತ್ತಿ ಸುತ್ತಿ ಇಳ್ಕೊಂಡು ಬಂದೆ. ಕೊನೇ ತಿರುವಲ್ಲಿ ನೋಡ್ತೀನಿ, ಬ್ರೇಕ್ ಅಲ್ಲಾಡ್ತಾನೇ ಇಲ್ಲ.”

“ಇದು ನಾಲ್ಕನೇದು ಸರ್. ನಾಲ್ಕನೇದರಲ್ಲಿ ಆ ತೊಂದರೆ ಇಲ್ಲ.”

“ಇಲ್ಲದೇ ಇರೋ ತೊಂದರೆ ನನ್ನನ್ನ ಗೋಡೆಗೆ ಗುದ್ದಿಸ್ತಾ?”

“ಹಾಗಲ್ಲ. ಒಂದೊಂದು ಸಲ ಕಾಲು ಸರಿಯಾಗಿ…” ಎಂದು ಶುರುಮಾಡಿದವನು ಅಲ್ಲೇ ನಿಂತ. ಇದೇ ಮಾತನ್ನು ಇದೇ ದನಿಯಲ್ಲಿ ತಾನು ಇನ್ಯಾರಿಗೋ ಹೇಳಿದ್ದೆ ಅನ್ನಿಸಿತು. ಯಾರಿಗೆ ಎಂದು ನೆನಪಾಗುವ ಮೊದಲೇ ಬಾನೆಟ್ಟಿಗೆ ಕೈಹಾಕಿದ.

ಜಜ್ಜಿದ ಬಾನೆಟ್ಟನ್ನು ರಾಡು ಹಾಕಿ ಎಬ್ಬಿಸಬೇಕಾಯಿತು. ಬ್ಯಾಟರಿ ದೀಪ ಹಿಡಿದು ನೋಡಿದ. ಹಳದಿ ಗೆರೆ ಇರಬೇಕಾದ ಜಾಗದಲ್ಲಿ ಬಿಳಿ ಗೆರೆ ಇತ್ತು. ಯಾವನೋ ಪುಣ್ಯಾತ್ಮ ಹಳೇ ಪೈಪು ತಂದು ಹಾಕಿದ್ದಾನೆ ಎಂದುಕೊಂಡು, ಬಯ್ಯಲು ಬಾಯಿ ತೆರೆದು, ಕ್ಲಿಪ್ಪಿನ ಕಡೆ ನೋಡಿದ. ಕ್ಲಿಪ್ಪಿನ ಮೇಲೆ ಫ್ಯಾಕ್ಟರಿಯವರು ಇಡುವ ಹಸಿರು ಬಣ್ಣದ ಚುಕ್ಕೆ ಬಿರುಕು ಸಹ ಬಿಡದೆ ಹಾಗೇ ಕೂತಿತ್ತು. ಅಂದರೆ ಇದನ್ನು ಯಾರೂ ಬಿಚ್ಚಿಲ್ಲ. ಈ ಕಾರು ಹುಟ್ಟಿದ್ದೇ ಈ ಪೈಪಿನ ಜೊತೆ.

ಚಾಸಿಸ್ ನಂಬರು ನೋಡಿದ. ಅದರ ಹತ್ತನೆಯ ಅಕ್ಷರ ಮಾಡೆಲ್ ಹೇಳುತ್ತದೆ. ಆ ಅಕ್ಷರ ಸುಳ್ಳು ಹೇಳುವುದಿಲ್ಲ ಎಂದು ಅವನು ಎಷ್ಟು ಜನಕ್ಕೆ ಪಾಠ ಮಾಡಿದ್ದನೋ. ನಾಲ್ಕನೆಯದೇ. ಕೊನೆಯ ಅಂಕಿಗಳು ಎಂಟುನೂರ ಹನ್ನೆರಡು. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದ ಒಂದು ಕೆಲಸ ಮಾಡಿದ. ಕಾರಿನ ಬಾಗಿಲು ತೆಗೆದು, ಅದರ ಪಕ್ಕದ ಕಂಬಕ್ಕೆ ಅಂಟಿಸಿದ ಪುಟ್ಟ ಚೀಟಿಯಲ್ಲಿ ಕಾರು ತಯಾರಾದ ತಿಂಗಳು ಯಾವುದೆಂದು ಓದಿದ. ಒಂಬತ್ತನೆಯ ತಿಂಗಳು.

ಈ ಕಸುಬಿನಲ್ಲಿ ಎಲ್ಲರೂ ಕೇಳುವುದು ‘ಎಷ್ಟನೇ ಮಾಡೆಲ್’ ಎಂದು. ‘ಯಾವ ತಿಂಗಳದು’ ಎಂದು ಯಾರೂ ಕೇಳುವುದಿಲ್ಲ. ಫ್ಯಾಕ್ಟರಿ ಎಂಟನೆಯ ತಿಂಗಳಲ್ಲಿ ಬಾಗಿಲು ಹಾಕಿ, ಒಂಬತ್ತಕ್ಕೆ ಹೊಸ ಮಾಡೆಲ್ ಶುರುಮಾಡುತ್ತದೆ. ಹಳೇ ಮಾಡೆಲ್‌ನ ಸಾಮಾನು ಉಗ್ರಾಣದಲ್ಲಿ ಉಳಿದಿರುತ್ತದೆ. ಉಳಿದದ್ದನ್ನು ಯಾರಾದರೂ ಬಿಸಾಡುತ್ತಾರೆಯೆ? ಹೊಸದರ ಮೊದಲ ಸಾವಿರ ಕಾರುಗಳಿಗೆ ಅದೇ ಹೋಗುತ್ತದೆ. ಕಂಪನಿಯವರು ವಾಪಸ್ ಕರೆಸಿದ್ದು ಮೂರನೆಯದರ ಅಕ್ಷರ ಇದ್ದವನ್ನು ಮಾತ್ರ. ಅದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಎರಡನೆಯ ಮಾಡೆಲ್‌ನ ಮೊದಮೊದಲ ಕಾರುಗಳಿಗೆ ಒಂದನೆಯದರ ಬಾಗಿಲ ಹಿಡಿ ಇತ್ತು ಎಂದು ಅವನೇ ಎರಡನೆಯ ಪುಟದಲ್ಲಿ ಬರೆದಿದ್ದ, ಅದೊಂದು ತಮಾಷೆಯ ಸಂಗತಿಯೆಂದು. ಬಾಗಿಲ ಹಿಡಿಗೆ ಹೊಳೆದದ್ದು ಬ್ರೇಕಿನ ಪೈಪಿಗೆ ಹೊಳೆಯಲಿಲ್ಲ. ಎಂಥ ಜಾತಕ!

ಎಂಟುನೂರ ಹನ್ನೆರಡಕ್ಕೆ ಹಳೇ ಪೈಪು ಇದ್ದರೆ ನೂರ ನಲವತ್ತೇಳಕ್ಕೆ?

ಇವತ್ತು ಬುಧವಾರ ಎಂದು ಆಗ ನೆನಪಾಯಿತು. ಬುಧವಾರ ಗುಬ್ಬಿ ತನ್ನ ಅಂಗಡಿ ತೆರೆಯುವುದಿಲ್ಲ. ಕತ್ತರಿ, ಬಾಚಣಿಗೆ, ಬಿಳಿ ಹೊದಿಕೆ ಎಲ್ಲ ಕಾರಿಗೆ ಹಾಕಿಕೊಂಡು ಬೆಟ್ಟದ ಮೇಲಿನ ವೃದ್ಧರ ಆಸ್ಪತ್ರೆಗೆ ಹೋಗುತ್ತಾಳೆ. ಮಂಚ ಬಿಟ್ಟು ಏಳಲಾರದವರ ಕೂದಲು ಕತ್ತರಿಸಿ, ಎರಡು ಗಂಟೆಗೆ ಹೊರಟು, ಹದಿನೆಂಟು ತಿರುವು ಇಳಿದು, ಮೂರೂವರೆಗೆ ಮಗಳ ಶಾಲೆಯ ಮುಂದೆ ನಿಲ್ಲುತ್ತಾಳೆ. ಗೋಡೆಯ ಗಡಿಯಾರ ಎರಡು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು.

ಫೋನ್ ಮಾಡಿದ. ರಿಂಗಾಯಿತು, ನಿಂತಿತು. ಮತ್ತೆ ಮಾಡಿದ. ಮತ್ತೆ ನಿಂತಿತು. ಗಾಡಿ ಓಡಿಸುವಾಗ ಫೋನು ಮುಟ್ಟಬಾರದು, ಚೀಲದಲ್ಲಿ ಹಾಕಿ ಹಿಂದಿನ ಸೀಟಿನಲ್ಲಿಡಬೇಕು, ಸಾವಿರ ಸಲ ಹೊಡೆದುಕೊಂಡರೂ ತೆಗೆಯಬಾರದು ಎಂದು ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡವನು ಇವನೇ. ಮೂರನೆಯ ಸಲ ಆಸ್ಪತ್ರೆಗೆ ಮಾಡಿದ.

“ಕಟಿಂಗ್ ಮೇಡಮ್ಮಾ? ಆಗಲೇ ಹೊರಟ್ರಲ್ಲ” ಎಂದಳು ಕೌಂಟರಿನ ಹುಡುಗಿ. “ಒಂದು ಹತ್ತು ನಿಮಿಷ ಆಯ್ತು. ನನ್ನ ಕೂದಲೂ ಇವತ್ತೇ ಮಾಡಿಸ್ಕೊಂಡೆ.”

“ಗೇಟಿನವರಿಗೆ ಹೇಳಿ ನಿಲ್ಲಿಸ್ತೀರಾ? ಅರ್ಜೆಂಟು.”

“ಗೇಟು ದಾಟಿ ಹೋದ್ರು ಸರ್. ನಾನೇ ಟಾಟಾ ಮಾಡಿದೆ.”

ಕನ್ನಡಕದ ಅಂಗಡಿಯವರು ಏನೋ ಕೇಳುತ್ತಿದ್ದರು. ಅವನು ಗ್ಯಾರೇಜಿನ ವ್ಯಾನಿನ ಕೀಲಿಯನ್ನು ಮೊಳೆಯಿಂದ ಕಿತ್ತುಕೊಂಡು, “ಸರ್, ನಿಮ್ಮ ಕಾಲಿನದೇನೂ ತಪ್ಪಿಲ್ಲ” ಎಂದಷ್ಟೇ ಹೇಳಿ ಓಡಿದ.

ಆ ಮಾತು ಆಡಿದ ಮೇಲೆಯೇ ಅವನಿಗೆ ಪೂರ್ತಿ ನೆನಪಾದದ್ದು. ಗುಬ್ಬಿ ಹೇಳಿದ್ದಳು. ಒಂದು ಸಲವಲ್ಲ, ಎರಡು ಸಲ. ಮೊದಲ ಸಲ ಗ್ಯಾರೇಜಿಗೇ ಬಂದು, “ಅಣ್ಣ, ಬೆಟ್ಟ ಇಳಿಯೋವಾಗ ಬ್ರೇಕು ಒಂಥರಾ ಗಟ್ಟಿ ಆಗುತ್ತೆ ಕಣೋ” ಎಂದಿದ್ದಳು. ಇವನು ಎಲ್ಲರ ಎದುರಿಗೆ ನಕ್ಕಿದ್ದ. “ನಾಲ್ಕನೇದರಲ್ಲಿ ಅದು ಇಲ್ಲ ಕಣೇ. ಕತ್ತರಿ ಹಿಡಿದು ಹಿಡಿದು ನಿನ್ನ ಕೈಗೆ ಮಾತ್ರ ಶಕ್ತಿ ಬಂದಿದೆ, ಕಾಲು ಹತ್ತಿ.” ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಗ್ಯಾರೇಜಿನ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಬೆಣ್ಣೆ ಹಾಗಿದೆ ಎಂದು ಕೀಲಿ ವಾಪಸ್ ಕೊಟ್ಟಿದ್ದ. ಎರಡನೆಯ ಸಲ ಫೋನಿನಲ್ಲಿ ಹೇಳಿದಾಗ, ಚಪ್ಪಲಿ ಹಾಕಿಕೊಂಡು ಓಡಿಸಬೇಡ, ಶೂ ತಗೋ ಎಂದಿದ್ದ. ಆಮೇಲೆ ಅವಳು ಆ ವಿಷಯ ಎತ್ತಿರಲಿಲ್ಲ. ಸರಿಹೋಯಿತು ಎಂದು ಇವನು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಬಾನೆಟ್ ಎತ್ತಿ ಒಂದು ಸಲ ನೋಡಿದ್ದರೆ ಸಾಕಾಗಿತ್ತು. ಅರ್ಧ ನಿಮಿಷದ ಕೆಲಸ. ಊರವರ ಕಾರಿನ ಹೊಟ್ಟೆಯೊಳಗೆಲ್ಲ ತಲೆ ಹಾಕುವವನು ತಂಗಿಯ ಕಾರಿನ ಬಾನೆಟ್ ಎತ್ತಲಿಲ್ಲ, ಯಾಕೆಂದರೆ ಅದರ ಹತ್ತನೆಯ ಅಕ್ಷರ ಅವನಿಗೆ ಗೊತ್ತಿತ್ತು.

ಗ್ಯಾರೇಜಿನಿಂದ ಬೆಟ್ಟದ ಬುಡಕ್ಕೆ ಇಪ್ಪತ್ತು ನಿಮಿಷದ ದಾರಿ. ವ್ಯಾನು ಎಪ್ಪತ್ತು ದಾಟಿದರೆ ಗಡಗಡ ನಡುಗುತ್ತಿತ್ತು, ಅವನು ತೊಂಬತ್ತರಲ್ಲಿ ಓಡಿಸಿದ. ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಮೆಸೇಜು ಬರೆದ: ‘ಕಾರು ನಿಲ್ಲಿಸು. ಬ್ರೇಕ್ ಗಟ್ಟಿ ಆದರೆ ಕಾಲು ತೆಗೀಬೇಡ, ಎರಡೂ ಕಾಲಲ್ಲಿ ಒತ್ತು. ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳಿ.’ ಕಳಿಸಿದ ಮೇಲೆ, ಓಡಿಸುತ್ತಿರುವವಳು ಇದನ್ನು ಹೇಗೆ ಓದಬೇಕು ಎಂದು ತನ್ನನ್ನೇ ಬಯ್ದುಕೊಂಡ. ಎರಡನೆಯ ಸಿಗ್ನಲ್ಲನ್ನು ನೋಡಲಿಲ್ಲ. ಯಾರೋ ಹಾರ್ನ್ ಒತ್ತಿ ಅವನ ವಂಶವನ್ನೆಲ್ಲ ಬಯ್ದರು. ಬಯ್ಯಲಿ, ತಪ್ಪಿಲ್ಲ.

ಎದುರಿಗೆ ಬರುವ ಪ್ರತಿ ಕೆಂಪು ಕಾರಿಗೂ ಅವನ ಜೀವ ಬಾಯಿಗೆ ಬರುತ್ತಿತ್ತು. ಒಂದು ಕೆಂಪು ಜೀಪು ಬಂತು. ಒಂದು ಕೆಂಪು ವ್ಯಾನು, ಬ್ರೆಡ್ಡಿನ ಕಂಪನಿಯದು. ಅವಳು ಎರಡಕ್ಕೆ ಹೊರಟಿದ್ದರೆ ಎರಡು ಇಪ್ಪತ್ತೈದಕ್ಕೆಲ್ಲ ಬುಡ ತಲುಪಿರಬೇಕು, ಈ ರಸ್ತೆಯಲ್ಲೇ ಎದುರಾಗಬೇಕು. ಎದುರಾಗಲಿ. ಕಿಟಕಿಯಿಂದ ಕೈಹೊರಹಾಕಿ, ಏನಣ್ಣ ಈ ಕಡೆ ಎಂದು ಕೇಳಲಿ. ಇವತ್ತೇ ಆ ಕಾರನ್ನು ತುಂಡು ತುಂಡು ಮಾಡಿಹಾಕುತ್ತೇನೆ, ಅವಳು ಕೇಳಿದ ಸಾಧು ಕಾರನ್ನೇ ಕೊಡಿಸುತ್ತೇನೆ, ಈ ಬಾಯಿಂದ ಇನ್ನೊಂದು ಮಾಡೆಲ್‌ನ ಹೆಸರು ಎತ್ತುವುದಿಲ್ಲ. ಅವನು ದೇವರಿಗೆ ಕೈಮುಗಿದವನಲ್ಲ. ಸ್ಟೀರಿಂಗು ಹಿಡಿದ ಕೈಗಳನ್ನು ಅಲ್ಲೇ ಜೋಡಿಸಿದ.

ಬೆಟ್ಟದ ಬುಡಕ್ಕೆ ಬಂದಾಗ ಎರಡೂವರೆ. ಅವಳು ಎದುರಾಗಿರಲಿಲ್ಲ.

ಹತ್ತತೊಡಗಿದ. ತಿರುವುಗಳಿಗೆ ಕೆಳಗಿನಿಂದ ಮೇಲಕ್ಕೆ ನಂಬರಿನ ಹಲಗೆ ಹಾಕಿದ್ದರು. ಒಂದು, ಎರಡು. ಒಂದು ಕಡೆ ಕೊರೆದ ಗುಡ್ಡ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಕಟ್ಟೆ, ಆಚೆ ಬರಿಯ ಗಾಳಿ. ಅವಳು ಕಂಡರೆ ಏನು ಮಾಡಬೇಕು ಎಂದು ಇಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ರಸ್ತೆಯ ನಡುವೆ ನಿಂತು ಕೈಬೀಸಿದರೆ? ಅಣ್ಣನನ್ನು ಕಂಡು ಗಾಬರಿಯಾಗಿ ಅವಳು ಮೊದಲು ಮಾಡುವ ಕೆಲಸ ಬ್ರೇಕು ಒತ್ತುವುದು. ಬ್ರೇಕು ಬೇಡದ ಕಡೆ ಬ್ರೇಕು ಒತ್ತಿಸಿ ತಾನೇ ಕೊಂದಂತಾಗಬಹುದು. ಹಾಗಾದರೆ ಅವಳು ಕಂಡ ಕೂಡಲೇ ವ್ಯಾನು ತಿರುಗಿಸಿ, ಅವಳ ಮುಂದೆ ಮುಂದೆ ಇಳಿಯಬೇಕು. ಅವಳ ಕಾರಿನ ಮೂತಿ ವ್ಯಾನಿನ ಬೆನ್ನಿಗೆ ತಾಗಲು ಬಿಟ್ಟು, ಎರಡನ್ನೂ ಸೇರಿಸಿ ನಿಲ್ಲಿಸಬೇಕು. ವ್ಯಾನು ತಡೆದೀತೆ? ತಡೆಯದಿದ್ದರೆ ಇಬ್ಬರೂ ಹೋಗುತ್ತೇವೆ, ಅದೂ ಒಳ್ಳೆಯದೇ ಅನ್ನಿಸಿತು. ನಾಲ್ಕು, ಐದು. ಪ್ರತಿ ತಿರುವಿನಲ್ಲೂ ಕಲ್ಲುಕಟ್ಟೆ ಒಡೆದಿದೆಯೇ ಎಂದು ನೋಡುತ್ತಿದ್ದ. ಒಡೆದಿರದಿದ್ದರೆ ಉಸಿರು ಬಿಡುತ್ತಿದ್ದ, ಮತ್ತೆ ಮುಂದಿನ ತಿರುವಿನವರೆಗೆ ಕಟ್ಟುತ್ತಿದ್ದ.

ಏಳನೆಯ ತಿರುವಿನಲ್ಲಿ ಒಂದು ಹಾಲಿನ ಲಾರಿ, ಒಂದು ಪೊಲೀಸ್ ಬೈಕು, ಮೇಲಿನ ಆಸ್ಪತ್ರೆಯ ಆಂಬುಲೆನ್ಸು ನಿಂತಿದ್ದವು. ಅವುಗಳ ಸಂದಿನಲ್ಲಿ ಇಟ್ಟಿಗೆ ಕೆಂಪು ಕಂಡಿತು.

ವ್ಯಾನು ಎಲ್ಲಿ ನಿಲ್ಲಿಸಿದನೋ, ಹೇಗೆ ಇಳಿದನೋ. ಚಿಗರೆ ಗುಡ್ಡಕ್ಕೆ ಮುಖವಿಟ್ಟು ನಿಂತಿತ್ತು. ಪ್ರಪಾತದ ಕಡೆಗಲ್ಲ, ಗುಡ್ಡದ ಕಡೆಗೆ. ಕೊನೆಯ ಗಳಿಗೆಯಲ್ಲಿ ಸ್ಟೀರಿಂಗನ್ನು ಆ ಕಡೆ ತಿರುಗಿಸಿದ ಬುದ್ಧಿ ಅವಳದ್ದೇ. ಅದನ್ನು ಇವನು ಹೇಳಿಕೊಟ್ಟಿರಲಿಲ್ಲ. ಮುಂಭಾಗ ಸೀಟಿನವರೆಗೆ ಕುಗ್ಗಿತ್ತು. ಕತ್ತರಿಗಳು, ಬಾಚಣಿಗೆಗಳು ರಸ್ತೆಯ ತುಂಬ ಚೆಲ್ಲಿದ್ದವು. ಅವಳು ಸ್ಟ್ರೆಚರಿನ ಮೇಲಿದ್ದಳು, ಕಣ್ಣು ತೆರೆದಿತ್ತು.

“ಗುಬ್ಬಿ” ಎಂದ.

“ಬಂದ್ಯಾ ಅಣ್ಣ? ಯಾರು ಹೇಳಿದ್ರು?” ಅವಳ ಮುಖ ಸುಣ್ಣದ ಹಾಗೆ ಬಿಳುಚಿತ್ತು. “ಬಯ್ಬೇಡ. ನೀನು ಹುಡುಕಿ ತಂದ ಕಾರು, ಹಾಳು ಮಾಡಿಬಿಟ್ಟೆ.”

ಅವಳ ಬಲಗಾಲಿನ ಹತ್ತಿರ ಮಂಡಿಯೂರಿದ್ದ ನರ್ಸು ಶೂವನ್ನು ಕತ್ತರಿಯಿಂದ ಸೀಳಿ ತೆಗೆಯುತ್ತಿದ್ದಳು. ಪಾದ ತಿರುಗಬಾರದ ಕಡೆಗೆ ತಿರುಗಿತ್ತು.

“ಕಾಲಿನ ಗಂಟು ಪುಡಿಯಾಗಿದೆ” ಎಂದಳು ನರ್ಸು, ಅವನಿಗೆ ಮಾತ್ರ ಕೇಳುವಂತೆ. “ಗುದ್ದೋವರೆಗೂ ಬ್ರೇಕಿನ ಮೇಲಿಂದ ಕಾಲು ತೆಗೆದಿಲ್ಲ ಇವರು. ಎಷ್ಟು ಬಲವಾಗಿ ಒತ್ತಿರ್ಬೇಕು ಅಂದ್ರೆ… ಜೀವಕ್ಕೆ ಅಪಾಯ ಇಲ್ಲ. ಈ ಕಾಲಲ್ಲಿ ಮೊದಲಿನ ಹಾಗೆ ನಿಂತ್ಕೊಂಡು ಕೆಲಸ ಮಾಡೋದು ಮಾತ್ರ ಕಷ್ಟ.”

ಜೀವ ಇದೆ ಎಂದು ಕೇಳಿ ಅವನು ರಸ್ತೆಯ ಮೇಲೇ ಕೂತುಬಿಟ್ಟ. ಗುಬ್ಬಿ ಕೈಚಾಚಿ ಅವನ ಹೆಗಲು ಮುಟ್ಟಿದಳು.

“ಅಣ್ಣ, ಮಗಳು ಮೂರೂವರೆಗೆ ಕಾಯ್ತಾಳೆ. ನೀನು ಹೋಗಿ ಕರ್ಕೊಂಡು ಬಾ. ಅವಳಿಗೆ ಏನೂ ಹೇಳ್ಬೇಡ, ಅಮ್ಮನಿಗೆ ಕಾಲು ಉಳುಕಿದೆ ಅನ್ನು.”

ಪೊಲೀಸಿನವನು ಪುಸ್ತಕ ತೆರೆದು ನಿಂತಿದ್ದ. “ಇವರ ಅಣ್ಣನಾ? ಮೇಡಮ್ಮು ಎಲ್ಲ ಹೇಳಿದ್ದಾರೆ. ಬ್ರೇಕು ಸರಿಯಾಗಿ ಒತ್ತಲಿಲ್ಲವಂತೆ. ಚಾಲಕಿಯ ತಪ್ಪು ಅಂತ ಬರ್ಕೊಂಡಿದ್ದೀನಿ. ಬೇರೆ ಯಾರಿಗೂ ಪೆಟ್ಟಾಗಿಲ್ಲ, ದೊಡ್ಡ ವಿಷಯ ಏನಲ್ಲ.”

“ಅವಳ ತಪ್ಪಲ್ಲ” ಎಂದ ಜಾತಕ. “ಹೊಡೆದುಹಾಕಿ ಅದನ್ನ. ಬ್ರೇಕ್ ಪೈಪಿನ ದೋಷ. ನನ್ನ ತಪ್ಪು.”

“ಸುಮ್ನಿರು ಅಣ್ಣ” ಎಂದಳು ಗುಬ್ಬಿ. ಪೊಲೀಸಿನವನ ಕಡೆ ತಿರುಗಿ, “ನನ್ನನ್ನ ಉಳಿಸೋಕೆ ಹಾಗೆ ಹೇಳ್ತಿದ್ದಾನೆ ಸರ್. ಈ ಕಾರಿನ ವಿಷಯದಲ್ಲಿ ಇವನಿಗಿಂತ ತಿಳಿದವರು ಯಾರೂ ಇಲ್ಲ, ಯಾರನ್ನ ಬೇಕಾದ್ರೂ ಕೇಳಿ. ನಾಲ್ಕನೇದರಲ್ಲಿ ಆ ದೋಷ ಇಲ್ಲ. ನನ್ನ ಕಾಲಿಗೇ ಶಕ್ತಿ ಇಲ್ಲ, ಇವನು ಮೊದಲೇ ಹೇಳಿದ್ದ. ಶೂ ಕೂಡ ಹಾಕ್ಕೊಂಡಿದ್ದೆ ಅಣ್ಣ, ನೀನು ಹೇಳಿದ ಹಾಗೆ. ಆದರೂ ಆಗ್ಲಿಲ್ಲ.”

ಪೊಲೀಸಿನವನು ನಕ್ಕು, ಅಣ್ಣಂದಿರೆಲ್ಲ ಹೀಗೇ ಎನ್ನುವಂತೆ ತಲೆಯಾಡಿಸಿದ. ಪುಸ್ತಕ ಮುಚ್ಚಿದ.

ಜಾತಕ ಎದ್ದು ಕಾರಿನ ಹತ್ತಿರ ಹೋದ. ಇಷ್ಟು ವರ್ಷ ತನ್ನ ಮಾತನ್ನು ಜನ ನಂಬಬೇಕೆಂದು ಒದ್ದಾಡಿದವನು, ಈಗ ತನ್ನ ಮಾತು ಸುಳ್ಳೆಂದು ಒಬ್ಬರನ್ನಾದರೂ ನಂಬಿಸಬೇಕಾಗಿತ್ತು. ಬಾನೆಟ್ಟು ಮಡಚಿಕೊಂಡಿತ್ತು. ಅದರ ಸಂದಿಯಲ್ಲಿ ಬರಿಗೈ ತೂರಿಸಿದ. ತಗಡು ಅಂಗೈಯನ್ನು ಕುಯ್ದಿತು, ಬಿಸಿ ಎಂಜಿನ್ನು ಮಣಿಕಟ್ಟನ್ನು ಸುಟ್ಟಿತು. ಬೆರಳಿಗೆ ಪೈಪು ಸಿಕ್ಕಿತು. ಹಳದಿ ಇರಲಿ ಎಂದು ಒಂದು ಕ್ಷಣ ಬೇಡಿಕೊಂಡ. ಹಳದಿ ಇದ್ದರೆ ಎಲ್ಲವೂ ಬರೀ ದುರದೃಷ್ಟ, ಯಾರ ತಪ್ಪೂ ಅಲ್ಲ. ಎಳೆದ. ಹಸಿರು ಚುಕ್ಕೆಯ ಕ್ಲಿಪ್ಪಿನ ಸಮೇತ ಪೈಪು ಕಿತ್ತುಬಂತು. ನಡುವೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಬಿಳಿ ಗೆರೆ.

ಅದನ್ನು ತಂದು ಸ್ಟ್ರೆಚರಿನ ಪಕ್ಕ ನಿಂತ. ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ನೋಡು. ಇದು ಮೂರನೇದರ ಪೈಪು. ನಿನ್ನ ಕಾರಿಗೆ ಇದನ್ನೇ ಹಾಕಿದ್ರು. ನಾಲ್ಕನೇದರಲ್ಲಿ ಇಲ್ಲ ಅಂತ ನಾನು ಹೇಳಿದ್ದು ಸುಳ್ಳು. ನೋಡದೇ ಹೇಳಿದೆ. ನಿನ್ನ ಕಾಲಿನದು ಏನೂ ತಪ್ಪಿಲ್ಲ ಗುಬ್ಬಿ. ಬ್ರೇಕು ಗಟ್ಟಿ ಆಗ್ತಾ ಇದ್ದದ್ದು ನಿಜ.”

ಪೊಲೀಸಿನವನು ಪುಸ್ತಕ ಮತ್ತೆ ತೆರೆದ. ಗುಬ್ಬಿ ಪೈಪನ್ನು ಕೈಗೆ ತೆಗೆದುಕೊಂಡಳು. ಚಪ್ಪಟೆಯಾದ ಕಡೆ ಹೆಬ್ಬೆರಳಿನಿಂದ ಒತ್ತಿದಳು, ಬಿಟ್ಟಳು. ಅದು ಮೆತ್ತಗಿತ್ತು.

“ಎರಡು ಸಲ ಹೇಳಿದ್ದೆ” ಎಂದಳು.

“ಹೂಂ.”

“ಎಲ್ಲರ ಎದುರಿಗೆ ನಕ್ಕಿದ್ದೆ ನೀನು.”

“ಹೂಂ.”

ಅವಳು ಪೈಪನ್ನು ಪೊಲೀಸಿನವನ ಕೈಗೆ ಕೊಟ್ಟಳು. ಆಸ್ಪತ್ರೆಯವರಿಬ್ಬರು ಸೇರಿ ಸ್ಟ್ರೆಚರನ್ನು ಆಂಬುಲೆನ್ಸಿನೊಳಗೆ ತಳ್ಳಿದರು. ಹತ್ತಲು ಅವನೂ ಹಿಡಿಕೆ ಹಿಡಿದ. ಗುಬ್ಬಿ ಅವನನ್ನು ನೋಡಲಿಲ್ಲ, ನರ್ಸಿನ ಕಡೆ ನೋಡಿದಳು.

“ಹಿಂದಿನ ಸೀಟಲ್ಲಿ ನನ್ನ ಚೀಲ ಇದೆ, ಅದರಲ್ಲಿ ಫೋನಿದೆ. ಸ್ವಲ್ಪ ಕೊಡ್ತೀರಾ? ಮಗಳ ಶಾಲೆಗೆ ಮಾಡ್ಬೇಕು.”

“ನಾನು ಹೋಗಿ ಕರ್ಕೊಂಡು ಬರ್ತೀನಲ್ಲ” ಎಂದ ಅವನು. “ವ್ಯಾನಿದೆ.”

“ಬೇಡ ಅಣ್ಣ” ಎಂದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. “ಅವಳು ಮನೆಗೆ ನಡ್ಕೊಂಡೇ ಹೋಗ್ತಾಳೆ.”